ಉಂಗುರ ಬೆರಳಿನ ಚಕ್ರ

ಪಲ್ಲಾವರಂ, ಚೆನ್ನೈ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಭಿ,

ಹನ್ನೊಂದು ತಿಂಗಳಾದ ಮೇಲೆ ಈ ಎರಡು ಪದ ಬರೆಯಲು ಕೈ ತಡೆಯುತ್ತದೆ ಅಂದುಕೊಂಡಿದ್ದೆ. ತಡೆಯಲಿಲ್ಲ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತು ಮುಗಿಯಲು ಇನ್ನೊಬ್ಬರು ಬಿಡುವುದಿಲ್ಲ. ಮೂರು ಸ್ಟೇಷನ್ ಆಚೆಯ ತಾಂಬರಂಗೆ ಕಾಗದ ಬರೆಯುತ್ತಾಳಲ್ಲ ಎಂದು ನಗು ಬಂದರೆ ನಗು. ಕೊನೆಯವರೆಗೆ ಓದು, ಅಷ್ಟು ಸಾಕು.

ನಿನ್ನ ಗೇಮ್ ಕಂಟ್ರೋಲರ್‌ನ ಪರೀಕ್ಷಾ ವರದಿ ಶುಕ್ರವಾರ ನಿನ್ನ ಕೈ ಸೇರಿದೆ. ಮೊದಲ ಪುಟದಲ್ಲೇ ‘ಫೇಲ್’ ಎಂದಿರುವುದನ್ನು ನೋಡಿ ಉಳಿದದ್ದನ್ನು ಓದದೆ ಎತ್ತಿಟ್ಟಿರುತ್ತೀಯ. ನಾನು ಕೆಲಸ ಮಾಡುವ ಲ್ಯಾಬಿನ ಹೆಸರು ಕಂಡು, ಇದು ತೇಜು ತೀರಿಸಿಕೊಂಡ ಸೇಡು ಅಂತಲೂ ಅನ್ನಿಸಿರಬಹುದು. ನಡೆದದ್ದು ಹಾಗಲ್ಲ.

ನಿನ್ನ ಕಂಟ್ರೋಲರ್‌ಗೆ ಹಣ ಹಾಕುತ್ತಿರುವ ನಾಗರಾಜ ಅವರು ಮಾದರಿಗಳನ್ನು ನಮ್ಮಲ್ಲಿಗೆ ಕಳಿಸಿದ್ದು ಆಗಸ್ಟ್ ಮೊದಲ ವಾರ. ತಯಾರಕರ ಹೆಸರಿರಲಿಲ್ಲ, ಒಂದು ಸಂಖ್ಯೆ ಮಾತ್ರ. ಪೆಟ್ಟಿಗೆ ತೆರೆದ ಕೂಡಲೇ ನನಗೆ ಗೊತ್ತಾಯಿತು. ಎಡಗೈ ಉಂಗುರ ಬೆರಳಿನ ಕೆಳಗೆ ಚಕ್ರ ಇಡುವ ಮನುಷ್ಯ ಇನ್ನೊಬ್ಬನಿಲ್ಲ. ಎಲ್ಲ ಬೆರಳೂ ದುಡಿಯುತ್ತವೆ, ಅದೊಂದು ಸುಮ್ಮನೆ ಕೂತಿರುತ್ತದೆ ಎಂದು ನಮ್ಮ ಊಟದ ಮೇಜಿನ ಮೇಲೆ ಮೇಣದಲ್ಲಿ ಅಚ್ಚು ತೆಗೆಯುತ್ತಾ ನೀನು ಹೇಳುತ್ತಿದ್ದೆ.

ಆ ಕ್ಷಣವೇ ಮ್ಯಾನೇಜರ್ ಅರವಿಂದ್ ಹತ್ತಿರ ಹೋಗಿ, ಇದನ್ನು ನಾನು ಪರೀಕ್ಷಿಸುವ ಹಾಗಿಲ್ಲ, ಮಾಡಿದವರು ನನ್ನ ಗಂಡ ಎಂದೆ. ಅವರಿಗೆ ನಮ್ಮ ಸುದ್ದಿ ತಿಳಿದಿತ್ತು. ಫೈಲನ್ನು ನನ್ನ ಜೊತೆ ಕೆಲಸ ಮಾಡುವ ಹರ್ಷಿಣಿಗೆ ಕೊಟ್ಟರು. ನನಗೆ ಒಪ್ಪಿಸಿದ್ದು ಆಡಲು ಬಂದವರಿಗೆ ಕಂಟ್ರೋಲರ್ ಕೊಡುವುದು, ವಾಪಸ್ ತೆಗೆದುಕೊಳ್ಳುವುದು, ಅಷ್ಟೇ.

ಹನ್ನೆರಡು ಜನ ಬಂದಿದ್ದರು. ಪರದೆಯ ಮೇಲೆ ಒಂದು ದೋಣಿ. ನಿನ್ನ ಚಕ್ರ ತಿರುಗಿಸಿದರೆ ಹಾಯಿಯ ಹಗ್ಗ ಸಡಿಲವಾಗುತ್ತದೆ, ಬಿಗಿಯಾಗುತ್ತದೆ. ಮೊದಲ ಹತ್ತು ನಿಮಿಷ ಎಲ್ಲರೂ ಎಲ್ಲವನ್ನೂ ಮುಟ್ಟಿ ನೋಡಿದರು. ಬಣ್ಣ ಬದಲಿಸುವ ದೀಪಕ್ಕೆ ಖುಷಿಪಟ್ಟರು. ಊದಿದರೆ ಪರದೆಯಲ್ಲಿ ಗಾಳಿ ಬೀಸುವ ಮೈಕಿಗೆ ಊದಿ ಊದಿ ನಕ್ಕರು. ಬೆಚ್ಚಗಾಗುವ ಹಿಡಿಯನ್ನು ಮಾತ್ರ ಬೈದರು, ಚೆನ್ನೈನಲ್ಲಿ ಅಂಗೈ ಬೆಚ್ಚಗಾಗಲು ಯಂತ್ರ ಬೇಕೇ ಅಭಿ? ಅರ್ಧ ಗಂಟೆಯಾಗುವಷ್ಟರಲ್ಲಿ ಒಬ್ಬರೂ ಊದುತ್ತಿರಲಿಲ್ಲ, ದೀಪ ನೋಡುತ್ತಿರಲಿಲ್ಲ. ಚಕ್ರವನ್ನು ಮಾತ್ರ ಯಾರೂ ಬಿಡಲಿಲ್ಲ. ಚಕ್ರದ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ ಕೂಡ.

ಆಮೇಲೆ ಅವನ್ನು ತೆಗೆದುಕೊಂಡು ಎಲ್ಲರಿಗೂ ಮಾಮೂಲಿ ಕಂಟ್ರೋಲರ್ ಕೊಟ್ಟೆ. ಅದರಲ್ಲಿ ಹಗ್ಗಕ್ಕೆ ಎರಡು ಗುಂಡಿ. ಮೈಲಾಪೂರದಿಂದ ಬಂದಿದ್ದ ಮಾನ್ಯಾ ಎಂಬ ಕಾಲೇಜು ಹುಡುಗಿ, ಮನೆಮಾತು ಕನ್ನಡವಾದರೂ ಬಾಯಿಗೆ ಬರುವುದು ತಮಿಳು, ದೋಣಿ ವಾಲುತ್ತಿದ್ದ ಹಾಗೆ ನನ್ನ ಕಡೆ ತಿರುಗಿ, “ಅಕ್ಕಾ, ಅಂದ ಚಕ್ಕರಂ ಎಂಗೆ?” ಎಂದಳು. ಚಕ್ರ ಎಲ್ಲಿ ಎಂದು ಕೇಳುವಾಗಲೂ ಅವಳ ಉಂಗುರ ಬೆರಳು ಖಾಲಿ ಪ್ಲಾಸ್ಟಿಕ್ಕಿನ ಮೇಲೆ ಅದನ್ನು ಹುಡುಕುತ್ತಿತ್ತು. ಎದ್ದು ಉಳಿದವರ ಕೈ ನೋಡುತ್ತಾ ಬಂದೆ. ಹನ್ನೆರಡರಲ್ಲಿ ಒಂಬತ್ತು ಕೈ ಹಾಗೇ ತಡಕಾಡುತ್ತಿದ್ದವು. ಹರ್ಷಿಣಿ ಅದನ್ನು ಎಂಟನೆಯ ಪುಟದಲ್ಲಿ ಬರೆದಿದ್ದಾಳೆ. ನೀನು ಎಂಟನೆಯ ಪುಟಕ್ಕೆ ಹೋಗಿರುವುದಿಲ್ಲ ಎಂದು ನನಗೆ ಗೊತ್ತು.

ಒಂಬತ್ತು ವರ್ಷದಿಂದ ಗುಂಡಿ, ಕಡ್ಡಿ, ಕೀಲಿಗಳನ್ನು ಪರೀಕ್ಷಿಸುತ್ತಿರುವವಳು ಹೇಳುತ್ತಿದ್ದೇನೆ: ಕೈಗೆ ಕೊಟ್ಟಾಗ ಕುಣಿಯುವಂಥದ್ದು ಗಿಮಿಕ್ಕು. ಕೈಯಿಂದ ತೆಗೆದಾಗ ಬೆರಳು ಹುಡುಕುವಂಥದ್ದು ಹೊಸ ಶೋಧ. ನಮ್ಮ ಶುಕ್ರವಾರದ ಸಂತೆಯಲ್ಲಿ ಹಳೇ ಕಂಟ್ರೋಲರ್‌ಗಳ ರಾಶಿ ನೀನೂ ನೋಡಿದ್ದೀಯ. ಅದರಲ್ಲಿ ಗಿಟಾರ್ ಆಕಾರದ್ದು, ಬಂದೂಕಿನ ಆಕಾರದ್ದು ಏನೇನೋ ಇವೆ. ಹೆಬ್ಬೆರಳಿನಿಂದ ಆಡಿಸುವ ಕಡ್ಡಿ ಮಾತ್ರ ಎಲ್ಲದರಲ್ಲೂ ಉಳಿದುಕೊಂಡಿದೆ. ನಿನ್ನ ಚಕ್ರ ಆ ಜಾತಿಗೆ ಸೇರಿದ್ದು. ಇದರಲ್ಲಿ ನನಗೆ ಸಂಶಯವಿಲ್ಲ.

ಹಾಗಾದರೆ ಫೇಲ್ ಯಾಕೆ? ಚಕ್ರದ ಒಳಗಿನ ಸ್ಪ್ರಿಂಗ್ ಐದು ಲಕ್ಷ ಸಲ ತಿರುಗಬೇಕಿತ್ತು, ಎರಡು ಲಕ್ಷ ಮೂವತ್ತು ಸಾವಿರಕ್ಕೆ ಮುರಿಯಿತು. ಚಕ್ರ ತಿರುಗಿಸುತ್ತಿದ್ದ ಯಂತ್ರ ನಿಂತ ಸದ್ದು ಕೇಳಿ ನಾನೇ ಮೊದಲು ಓಡಿದೆ. ಹರ್ಷಿಣಿ, “ಒಂದ್ ಮಾದರಿ ತಾನೇ ಅಕ್ಕ, ಇನ್ನೊಂದ್ ಸಲ ಹಾಕಿ ನೋಡಣ,” ಅಂದಳು. ಹಾಕಿದಳು. ಎರಡನೆಯದೂ ಅಲ್ಲೇ ಮುರಿಯಿತು. ಬಿಡು, ಪಾಸ್ ಅಂತ ಬರಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅಂಗಡಿ ಸೇರಿದ ಮೇಲೆ ಜನರ ಕೈಯಲ್ಲಿ ಮುರಿಯುವುದಕ್ಕಿಂತ ನಮ್ಮ ಮೇಜಿನ ಮೇಲೆ ಮುರಿಯುವುದು ವಾಸಿ.

ಇನ್ನು ಬರೆಯುವುದು ವರದಿಯಲ್ಲಿಲ್ಲ, ಹೆಂಡತಿಯ ಮಾತು. ದೀಪ ಕಿತ್ತು ಹಾಕು, ಮೈಕು ಕಿತ್ತು ಹಾಕು, ಬಿಸಿ ಹಿಡಿಯನ್ನೂ ಕಿತ್ತು ಹಾಕು. ಆಗ ಒಳಗೆ ಜಾಗ ಸಿಗುತ್ತದೆ, ದಪ್ಪ ಸ್ಪ್ರಿಂಗ್ ಕೂರುತ್ತದೆ. ನಾಗರಾಜ ಅವರು ತಿದ್ದಿದ ಮಾದರಿಗೆ ಡಿಸೆಂಬರ್‌ವರೆಗೆ ಸಮಯ ಕೊಡುತ್ತಾರೆ. ಎಂಟನೆಯ ಪುಟ ಓದಿ ಅವರು ಅರವಿಂದ್‌ಗೆ ಫೋನ್ ಮಾಡಿದ್ದರು. ಗಾಬರಿಯಾಗಬೇಡ.

ಅತ್ತೆ ಪ್ರತಿ ಸೋಮವಾರ ಫೋನ್ ಮಾಡುತ್ತಾರೆ. ನಿನ್ನ ಹೆಸರು ಎತ್ತುವುದಿಲ್ಲ, ನಿನ್ನ ಮನೆಯಲ್ಲಿ ಏನು ಅಡುಗೆಯಾಯಿತು ಎಂದು ಮಾತ್ರ ಹೇಳುತ್ತಾರೆ. ಮೂರು ಹೊತ್ತೂ ಚಿತ್ರಾನ್ನ ತಿನ್ನಬೇಡ.

ನಿನ್ನ
ತೇಜು

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಟ್ಟುಕೊಂಡಿದ್ದು. ಕಳೆದ ವರ್ಷ ನಾಗರಾಜ ಅವರು ಕಂಟ್ರೋಲರ್ ನೋಡಲು ಮನೆಗೆ ಬಂದ ದಿನ ಅವರೆದುರಿಗೆ ನಾನು, “ಇದ್ರಲ್ಲಿ ಯಾವ್ದೂ ನಿಲ್ಲಲ್ಲ, ಬರೀ ಗಿಮಿಕ್ಕು,” ಅಂದೆ. “ನಿಂಗೆ ಮುರಿಯೋದೊಂದೇ ಗೊತ್ತು,” ಎಂದು ಹೇಳಿ ನೀನು ಮನೆ ಬಿಟ್ಟೆ. ಆ ದಿನ ನಾನು ಅದನ್ನು ಕೈಯಲ್ಲಿ ಹಿಡಿದೇ ಇರಲಿಲ್ಲ ಅಭಿ. ಎರಡು ವರ್ಷ ನನ್ನ ಊಟದ ಮೇಜಿನ ಮೇಲೆ ಮಾಡಿದ್ದನ್ನು ನೀನು ಮೊದಲು ಕೊಟ್ಟದ್ದು ಅವರ ಕೈಗೆ. ಆ ಸಿಟ್ಟಿಗೆ ಪರೀಕ್ಷೆಯ ಮಾತಿನ ವೇಷ ಹಾಕಿ ಆಡಿಬಿಟ್ಟೆ. ತಪ್ಪು ನನ್ನದು. ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಲ್ಯಾಬಿಗೆ ಕಳಿಸುವ ಮುಂಚೆ ಮನೆಗೆ ತಾ. ಭಾನುವಾರ ಇರುತ್ತೇನೆ.