ಶುಕ್ರವಾರದ ಡಬ್ಬಿ

ಜೂನ್ ೧೬, ಭಾನುವಾರ

ಶುಕ್ರವಾರದ ಡಬ್ಬಿ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ. ಅವತ್ತು ಕೆಲಸ ಮುಗಿಸಿ ಬಂದು ಫ್ರಿಜ್ ತೆಗೆದರೆ ಅಮ್ಮನ ಮಧ್ಯಾಹ್ನದ ಊಟ ಮುಟ್ಟದೆ ಹಾಗೇ ಇತ್ತು. "ಭಾನುವಾರ ಪೂರ್ತಿ ನಿಂತು ವಾರಕ್ಕಾಗೋಷ್ಟು ಮಾಡಿಡ್ತೀನಿ, ತಿನ್ನೋಕೂ ನಿಂಗೆ ಸೋಮಾರಿತನವಾ?" ಎಂದು ಕೂಗಾಡಿದೆ. "ಹಸಿವಿರ್ಲಿಲ್ಲ ಕಣೇ" ಎಂದಳು, ಅಷ್ಟೇ.

ಇವತ್ತು ತರಕಾರಿ ಹೊತ್ತು ಬರುವಾಗ ಕೆಳಗಿನ ಅಂಗಡಿಯ ಟೈಲರ್ ತಡೆದರು. "ಶುಕ್ರವಾರ ನಾನು ಅಂಗಡಿ ತೆಗ್ದಿರ್ಲಿಲ್ಲ. ನಿಮ್ಮಮ್ಮಂಗೆ ಡಬ್ಬಿ ಯಾರು ತೆಗೆದುಕೊಟ್ರು?"

ಮೊದಲು ತಲೆಬುಡ ತಿಳಿಯಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು: ಅಮ್ಮನ ಗಂಟುಬಿದ್ದ ಬೆರಳಿಗೆ ಆ ಮುಚ್ಚಳ ಬಗ್ಗುವುದಿಲ್ಲವಂತೆ. ಎರಡು ತಿಂಗಳಿಂದ ದಿನಾ ಮೆಟ್ಟಿಲಿಳಿದು ಅವರ ಕೈಲಿ ತೆಗೆಸಿಕೊಂಡು ಹೋಗುತ್ತಿದ್ದಳಂತೆ.

ನಾನೇ ಆರಿಸಿ ತಂದ ಡಬ್ಬಿಗಳು. ಗಾಳಿಯೂ ಆಡದ ಮುಚ್ಚಳ ಎಂದು ಎಲ್ಲರ ಮುಂದೆ ಜಂಬ ಕೊಚ್ಚಿದ್ದೆ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡಿದವಳು ನಾನೇ. ಒಂದೊಂದು ಡಬ್ಬಿಗೂ ವಾರದ ಹೆಸರಿನ ಚೀಟಿ ಅಂಟಿಸಿದವಳು ಒಮ್ಮೆ ಅವಳ ಕೈ ನೋಡಬಾರದಿತ್ತೇ?

"ಹೇಳ್ಬಾರ್ದಿತ್ತಾ ಅಮ್ಮಾ?" ಎಂದೆ.

"ಅಷ್ಟೊತ್ತು ನಿಂತು ಮಾಡ್ತೀಯ. ಅದ್ರ ಮೇಲೆ ಮುಚ್ಚಳದ ದೂರು ಬೇರೆ ಹೇಳ್ಲಾ?"

ತಪ್ಪಾಯ್ತು ಎನ್ನುವ ಬದಲು "ನಾಳೆಗೆ ಬೀನ್ಸ್ ಮಾಡಿದೀನಿ" ಎಂದೆ. ಎಂಥ ಮಾತು!

ಐದು ಡಬ್ಬಿಗಳೂ ತುಂಬಿ ಕಟ್ಟೆಯ ಮೇಲೆ ಆರುತ್ತಿವೆ. ಮುಚ್ಚಳ ಒತ್ತಲು ಕೈಯೇ ಏಳುತ್ತಿಲ್ಲ. ತಟ್ಟೆ ಮುಚ್ಚಿಡುತ್ತೇನೆ. ಆದರೆ ಮನೆಯಲ್ಲಿರುವುದು ನಾಲ್ಕೇ ತಟ್ಟೆ. ಶುಕ್ರವಾರದ್ದು ಮತ್ತೆ ಹಾಗೇ ಉಳಿಯಿತು.