ಹೋದ ವರ್ಷದ ಅಳತೆ

ಅತ್ತಿಗೆ,

ಈಗ ಸಂಜೆ ಆರೂಕಾಲು. ಬೆಳಿಗ್ಗೆಯಿಂದ ಎರಡು ರವಿಕೆಗೆ ಹುಕ್ಕು ಹಾಕಿದೆ, ಒಂದು ಸೀರೆಗೆ ಫಾಲ್ಸ್ ಹೊಲಿದೆ. ಊಟಕ್ಕೆ ಕೂತಾಗ ಫೋನಿಗೆ ಬ್ಯಾಂಕಿನ ಮೆಸೇಜು ಬಂತು. ಮೂರು ಸಲ ಓದಿದೆ. ಓದದೆ ಯಾವುದನ್ನೂ ನಂಬಬೇಡ ಎನ್ನುತ್ತಿದ್ದವರು ನೀವೇ ಅಲ್ಲವೇ?

ಪ್ರತಿ ಏಪ್ರಿಲ್‌ನಲ್ಲಿ ನೀವು ಉತ್ತರಹಳ್ಳಿಗೆ ಬಂದು, ನನ್ನ ಹೊಲಿಗೆ ಮಿಷನ್ನಿನ ಮೇಲೆಯೇ ಬ್ಯಾಂಕಿನ ಫಾರ್ಮು ಹರಡಿಕೊಂಡು ತುಂಬಿಸುತ್ತಿದ್ದಿರಿ. ಅಪ್ಪನ ಜಾಗದ ಪಾಲು ಬಂದಾಗ ಅದನ್ನು ನನ್ನ ಹೆಸರಿನಲ್ಲಿ ಡೆಪಾಸಿಟ್ ಇಡಿಸಿದವರೂ ನೀವೇ. "ಓದಿ ಸೈನ್ ಮಾಡೇ ಕಮಲಾ." "ನೀವು ಓದಿದೀರಲ್ಲ ಅತ್ತಿಗೆ, ಸಾಕು ಬಿಡಿ." ಆಮೇಲೆ ಬಸ್ಸು ಹತ್ತಿ ಜಯನಗರದ ಬ್ಯಾಂಕಿಗೆ. ಸೀಲು ಹಾಕಿಸಿದ ಫಾರ್ಮಿನ ಜೆರಾಕ್ಸು, ಅದಾದ ಮೇಲೆ ಖಾಲಿ ದೋಸೆ. ವರ್ಷ ವರ್ಷ ಹೋಗುವುದು ದೋಸೆಗಾಗಿಯೇ ಇರಬೇಕು ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ...

ನೀವು ತೀರಿಹೋದ ಮೇಲಿನ ಮೊದಲ ಏಪ್ರಿಲ್‌ನಲ್ಲಿ ನಾನು ಎಲ್ಲಿಗೂ ಹೋಗಲಿಲ್ಲ. ಸೀಲಿರುವ ಜೆರಾಕ್ಸು ಟ್ರಂಕಿನಲ್ಲಿ ಭದ್ರವಾಗಿತ್ತು, ಇನ್ನೇನು ಬೇಕು? ಮರುವರ್ಷ ಮಾರ್ಚ್ ಕೊನೆಗೆ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಗೊತ್ತಾಯಿತು. ಐವತ್ತಾರು ಸಾವಿರ ಬಡ್ಡಿಯಲ್ಲಿ ಐದು ಸಾವಿರದ ಆರುನೂರು ತೆರಿಗೆ ಎಂದು ಹಿಡಿದುಕೊಂಡಿದ್ದರು. ಹತ್ತಿರ ಹತ್ತಿರ ನನ್ನ ಒಂದು ತಿಂಗಳ ಬಾಡಿಗೆ. ಜೆರಾಕ್ಸು ಹಿಡಿದು ಜಗಳಕ್ಕೇ ಹೋದೆ.

"ಇದು ಹಳೇದು ಆಂಟಿ. ತೆರಿಗೆ ಹಿಡೀಬೇಡಿ ಅಂತ ಪ್ರತಿ ವರ್ಷ ಹೊಸದು ಕೊಡ್ಬೇಕು. ನಿಮ್ ಆದಾಯ ಎಲ್ಲಾ ವರ್ಷ ಒಂದೇ ಇರತ್ತಾ?" ಎಂದಳು ಕೌಂಟರಿನ ಹುಡುಗಿ. ನಾಚಿಕೆಯಾಯಿತು. ಹೋದ ವರ್ಷದ ಅಳತೆಗೆ ಈ ವರ್ಷ ರವಿಕೆ ಹೊಲಿಯುತ್ತೇನೆಯೇ ನಾನು? ಅಳತೆ ಕೊಡದಿದ್ದರೆ ಅವರು ಅಂದಾಜಿಗೆ ಕತ್ತರಿ ಹಾಕುತ್ತಾರೆ, ಅಷ್ಟೆ. "ಕಟ್ಟಾಗಿದ್ದು ನಾವ್ ವಾಪಸ್ ಕೊಡಕ್ಕಾಗಲ್ಲ. ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿ, ಬರತ್ತೆ."

ಅಣ್ಣನಿಗೆ, ಅಂದರೆ ನಿಮ್ಮವರಿಗೆ, ಹೇಳಿದರೆ ನಕ್ಕುಬಿಟ್ಟ. "ರಿಟರ್ನ್ ಹಾಕಕ್ಕೆ ನೀನೇನು ಬಟ್ಟೆ ಮಿಲ್ ಇಟ್ಟಿದೀಯಾ? ತಿಮ್ಮಪ್ಪನ ಹುಂಡಿಗೆ ಹಾಕ್ದೆ ಅನ್ಕೋ, ಬಿಡು."

"ತಿಮ್ಮಪ್ಪ ಕೇಳಿದ್ರೆ ಕೊಡ್ತಿದ್ದೆ. ಅವನು ಕೇಳಿಲ್ವಲ್ಲ" ಎಂದೆ. ನಾನು ಎದುರು ಮಾತಾಡಿದ್ದನ್ನು ನೀವು ನೋಡಬೇಕಿತ್ತು.

ಏಪ್ರಿಲ್‌ನಲ್ಲಿ ಹೊಸ ಫಾರ್ಮು ನಾನೇ ತುಂಬಿಸಿದೆ, ಪೂರ್ತಿ ಓದಿ. ನನ್ನ ಒಟ್ಟು ಆದಾಯಕ್ಕೆ ತೆರಿಗೆ ಬರುವುದಿಲ್ಲ ಎಂದು ನಾನೇ ಬರೆದುಕೊಡುವ ಮಾತು ಅದು. ಇಷ್ಟು ವರ್ಷ ಯಾವ ಮಾತಿನ ಕೆಳಗೆ ಸೈನ್ ಮಾಡುತ್ತಿದ್ದೆ ಎಂಬುದು ಆಗ ತಿಳಿಯಿತು. ಜೂನ್‌ನಲ್ಲಿ ಬನಶಂಕರಿಯ ಒಂದು ಅಂಗಡಿಯಲ್ಲಿ ರಿಟರ್ನ್ ಹಾಕಿಸಿದೆ. ಅಲ್ಲಿದ್ದವರು ನನ್ನ ಹೊಲಿಗೆಯ ಪುಸ್ತಕವನ್ನೂ ನೋಡಿ, "ಬಡ್ಡಿ, ಹೊಲಿಗೆ ಎರಡೂ ಸೇರಿಸಿದ್ರೂ ಮಿತಿ ದಾಟಲ್ಲಮ್ಮ, ಪೂರ್ತಿ ವಾಪಸ್ ಬರತ್ತೆ" ಎಂದರು.

ಇವತ್ತಿನ ಮೆಸೇಜು ಅದೇ ಅತ್ತಿಗೆ. ಪೂರ್ತಿ ಬಂತು.

ಅಣ್ಣನಿಗೆ ಫೋನ್ ಮಾಡಿದೆ. ಹುಂಡಿಯ ಮಾತು ಎತ್ತುತ್ತಾನೆ ಅಂದುಕೊಂಡಿದ್ದೆ. ಎತ್ತಲಿಲ್ಲ. "ಅವಳ ಡೆಪಾಸಿಟ್ ನನ್ ಹೆಸರಿಗೆ ಬಂತಲ್ಲ ಕಮಲಾ, ಅದರ ಬಡ್ಡೀಲೂ ತೆರಿಗೆ ಹಿಡ್ದಿದಾರೆ. ಆ ಫಾರ್ಮ್ ತಂದಿಟ್ಟಿದೀನಿ. ಕೈಗೆತ್ಕೊಂಡ್ರೆ ಅವಳ ಅಕ್ಷರ ನೆನಪಾಗತ್ತೆ, ಅದಕ್ಕೇ..." ಎಂದ. ಪಿಂಚಣಿ ಇಲ್ಲದ ಮನುಷ್ಯ, ಆ ಬಡ್ಡಿಯಲ್ಲೇ ಬದುಕುವವನು. ನನಗೆ ಒಂದು ಮಾತೂ ಹೇಳಿರಲಿಲ್ಲ ನೋಡಿ.

"ನಾಳೆ ಒಂಬತ್ತಕ್ಕೆ ಬರ್ತೀನಿ, ನಾನು ತುಂಬಿಸ್ತೀನಿ."

"ಸೈನ್ ಎಲ್ಲಿ ಅಂತ ತೋರ್ಸು, ಸಾಕು."

ಸಾಕಾಗುವುದಿಲ್ಲ ಅತ್ತಿಗೆ. ಓದಿದ ಮೇಲೆಯೇ ಪೆನ್ನು ಕೊಡುತ್ತೇನೆ. ಬ್ಯಾಂಕು ನಾಳೆ ಹತ್ತಕ್ಕೆ ತೆರೆಯುತ್ತದೆ.