ತೆಗೆಸಿದ ತಪಾಸಣೆ

ರಾಮದುರ್ಗ

ಬಾಳೇಶ ಅವರಿಗೆ,

ನಿಮ್ಮ ಪತ್ರ ತಲುಪಿತು. ಬೈಲಹೊಂಗಲದ ನಿಮ್ಮ ಕಂಪನಿಯಲ್ಲಿ ಪಂಪ್ ಸ್ಟಾರ್ಟರ್‌ನ ಬೂಟ್‌ಲೋಡರ್, ಅಂದರೆ ಅದರೊಳಗೆ ಹೊಸ ಪ್ರೋಗ್ರಾಂ ತುಂಬುವ ಕೋಡ್, ಬರೆದಾಗ ನಾನೊಂದು ತಪಾಸಣೆ ಇಟ್ಟಿದ್ದೆ. ನೆಟ್‌ವರ್ಕ್‌ನಲ್ಲಿ ಹೊಸ ಪ್ರೋಗ್ರಾಂ ಪೂರ್ತಿ ಬಂದ ಮೇಲೆಯೇ ಹಳೆಯದು ಅಳಿಯಬೇಕು. ಆರು ವರ್ಷದ ಹಿಂದೆ ನೀವು ಗಿರಾಕಿಗಳೆದುರು, “ಓದಿದಾಕಿ ಹೆದರಿಕಿ ನೋಡ್ರಿ ಇದು! ತಗದ ಒಗಿಯವ್ವಾ, ಇಲ್ಲಾ ಮನಿಗಿ ನಡಿ,” ಎಂದು ನಕ್ಕಿರಿ. ನಾನು ಮನೆಗೆ ಬಂದೆ. ನೀವು ಅದನ್ನು ಬೇರೆಯವರಿಂದ ತೆಗೆಸಿದಿರಿ.

ಮೊನ್ನೆ ಹೊಸ ಪ್ರೋಗ್ರಾಂ ಕಳಿಸುವಾಗ ನೆಟ್‌ವರ್ಕ್ ಅರ್ಧಕ್ಕೇ ಹೋಗಿ, ಹಳೆಯದೂ ಅಳಿದು, ಸವದತ್ತಿಯ ನಲವತ್ತು ಹೊಲಗಳಲ್ಲಿ ಪಂಪುಗಳು ನಿಂತಿವೆ. ಇನ್ನು ಪ್ರತಿ ಸ್ಟಾರ್ಟರನ್ನೂ ಬಿಚ್ಚಿ, ವೈರ್ ಹಚ್ಚಿ ಪ್ರೋಗ್ರಾಂ ತುಂಬಬೇಕು. ರೈತರಿಗಾಗಿ ಬರುತ್ತೇನೆ, ಸಂಬಳ ಬೇಡ. ಆದರೆ ಪ್ರತಿ ಹೊಲಕ್ಕೂ ನೀವೇ ಜೊತೆಗೆ ಬರಬೇಕು. ನಾನು ಸ್ಟಾರ್ಟರ್ ಬಿಚ್ಚುವ ಮೊದಲು, ತಪಾಸಣೆ ತೆಗೆಸಿದವರು ಯಾರೆಂದು ಆ ರೈತನಿಗೆ ನಿಮ್ಮ ಬಾಯಿಂದಲೇ ಹೇಳಬೇಕು. ಯಾರಾದರೂ ಸರಿಯಾಗಿ ಕೇಳಿಸಲಿಲ್ಲವೆಂದರೆ, ಇನ್ನೊಮ್ಮೆ ಹೇಳಬೇಕು.

ಹೊರಡುವ ದಿನ ತಿಳಿಸಿ.

ಫಿರದೋಸ್ ನದಾಫ್